ಕವಿತೆ, ಚಿತ್ರ, ಆಕಾಶ: ಹೋದ ಬೆರಗು ಮತ್ತೆ ಬರುತ್ತದಾ?

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ಇಲ್ಲಿ ಓದುವವರು, ಚಿತ್ರ ಬರೆಯುವವರು, ಹಕ್ಕಿ ನೋಡುವವರು ಎಲ್ಲ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನನಗೆ ದೊಡ್ಡ ಕಷ್ಟವೇನೂ ಇಲ್ಲ. ಕೆಲಸ ಇದೆ, ಮನೆಯವರು ಚೆನ್ನಾಗಿದ್ದಾರೆ. ಆದರೆ ಯಾವುದೂ ಒಳಗೆ ಇಳಿಯುತ್ತಿಲ್ಲ. ಕಾಲೇಜಿನಲ್ಲಿದ್ದಾಗ ಒಂದು ಒಳ್ಳೆಯ ಕವಿತೆ ಓದಿದರೆ ಅವತ್ತಿಡೀ ಅದರದೇ ಗುಂಗು. ಈಗ ಅದೇ ಪುಸ್ತಕ ತೆರೆದರೆ ಕಣ್ಣು ಸಾಲುಗಳ ಮೇಲೆ ಸುಮ್ನೆ ಜಾರಿಕೊಂಡು ಹೋಗುತ್ತದೆ. ಮಳೆ ಬಂದರೆ ಬಟ್ಟೆ ಒಣಗುವುದಿಲ್ಲ ಅನ್ನುವುದೇ ಮೊದಲು ನೆನಪಾಗುತ್ತದೆ.

ಇತ್ತೀಚೆಗೆ ಡಾರ್ವಿನ್ ಬಗ್ಗೆ ಒಂದು ಸಂಗತಿ ಓದಿದೆ. 1876ರಲ್ಲಿ, 67ನೇ ವಯಸ್ಸಿನಲ್ಲಿ, ಆತ ತನ್ನ ಮಕ್ಕಳಿಗೆಂದು ತನ್ನ ಬದುಕಿನ ಬಗ್ಗೆ ಬರೆದಿಟ್ಟ. ಮೂವತ್ತರವರೆಗೂ ಕವಿತೆ ತನಗೆ ತುಂಬ ಖುಷಿ ಕೊಡುತ್ತಿತ್ತು, ಈಗ ಒಂದು ಸಾಲನ್ನೂ ಸಹಿಸಲು ಆಗುವುದಿಲ್ಲ, ಚಿತ್ರ ಸಂಗೀತಗಳ ರುಚಿಯೂ ಹೆಚ್ಚುಕಡಿಮೆ ಹೋಗಿದೆ ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಇನ್ನೊಮ್ಮೆ ಬದುಕಲು ಸಿಕ್ಕಿದ್ದರೆ ವಾರಕ್ಕೆ ಒಂದು ಸಲವಾದರೂ ಕವಿತೆ ಓದುವ, ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುತ್ತಿದ್ದೆ ಎಂದೂ ಬರೆದಿದ್ದಾನೆ. ಬಳಸದೆ ಬಿಟ್ಟಿದ್ದಕ್ಕೆ ಮಿದುಳಿನ ಆ ಭಾಗ ಸೊರಗಿರಬಹುದು ಅನ್ನುವುದು ಆತನ ಊಹೆ.

ಅಷ್ಟು ದೊಡ್ಡ ಮನುಷ್ಯನಿಗೇ ಹಾಗಾಯಿತು ಅಂದರೆ ನನಗೆ ಭಯವಾಗುತ್ತದೆ. ಇದು ವಯಸ್ಸಿನ ಕೆಲಸವಾ? ಸೊರಗಿದ್ದು ಮತ್ತೆ ಚಿಗುರುತ್ತದಾ? ನೀವು ಏನು ಮಾಡುತ್ತೀರಿ, ಹೇಗೆ ಮಾಡುತ್ತೀರಿ ಅಂತ ಬಿಡಿಸಿ ಹೇಳಿ. ಪ್ರವಾಸ ಹೋಗಿ ಬನ್ನಿ, ಒಳ್ಳೆಯದನ್ನೇ ಯೋಚಿಸಿ ಅನ್ನುವ ಸಲಹೆ ಸಾಕಷ್ಟು ಸಿಕ್ಕಿದೆ.

ಹಳೆಮೇಷ್ಟ್ರು:

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಕವಿತೆ ಪಾಠ ಮಾಡಿಕೊಂಡು ಬಂದವನು. ಕವಿತೆಯ ಕಡೆಯಿಂದಲೇ ಹೇಳುತ್ತೇನೆ.

ನೀವು ಪುಸ್ತಕ ತೆರೆದು ಎಷ್ಟು ಕವಿತೆ ಓದುತ್ತೀರಿ? ಒಂದೇ ಕೂತಲ್ಲಿ ಐದಾರು ಓದುತ್ತಿದ್ದರೆ ಅಲ್ಲೇ ತೊಂದರೆ. ನಾವು ಈಗ ಓದುವುದೆಲ್ಲ ಸುದ್ದಿ ಓದಿದ ಹಾಗೆ. ವಿಷಯ ಏನು, ಮುಂದೇನು, ಆಯಿತು. ಕವಿತೆಯಲ್ಲಿ ಆ ಓದು ಕೆಲಸ ಮಾಡುವುದಿಲ್ಲ. ಅದರಲ್ಲಿರುವ ವಿಷಯವನ್ನು ಒಂದು ವಾಕ್ಯದಲ್ಲಿ ಹೇಳಿಬಿಡಬಹುದು, ಆದರೆ ಹಾಗೆ ಹೇಳಿದ ಮೇಲೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಒಂದೇ ಒಂದು ಕವಿತೆ ಆರಿಸಿಕೊಳ್ಳಿ. ಚಿಕ್ಕದಿರಲಿ. ಗಟ್ಟಿಯಾಗಿ ಓದಿ. ಎಲ್ಲಿ ಉಸಿರು ನಿಲ್ಲುತ್ತದೆ, ಯಾವ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಯಾವ ಪದದ ಹತ್ತಿರ ನಾಲಿಗೆ ತಡವರಿಸುತ್ತದೆ, ನೋಡಿ. ಮರುದಿನವೂ ಅದನ್ನೇ ಓದಿ. ಅರ್ಥದ ಹಿಂದೆ ಬೀಳಬೇಡಿ. ಕೆಲವು ದಿನದಲ್ಲಿ ಅದು ತಾನಾಗಿ ಬಾಯಿಗೆ ಬರುತ್ತದೆ. ಬಾಯಿಪಾಠವಾದ ಕವಿತೆಗೂ ಪುಸ್ತಕದಲ್ಲಿರುವ ಕವಿತೆಗೂ ಬಹಳ ವ್ಯತ್ಯಾಸವಿದೆ. ಪುಸ್ತಕದ ಕವಿತೆಯ ಹತ್ತಿರ ನೀವು ಹೋಗಬೇಕು. ಬಾಯಿಗೆ ಬಂದದ್ದು ಬಸ್ಸಿಗೆ ಕಾಯುವಾಗ, ಪಾತ್ರೆ ತೊಳೆಯುವಾಗ, ಯಾರೋ ತೀರಿಕೊಂಡ ಸುದ್ದಿ ಬಂದಾಗ ತಾನೇ ಬರುತ್ತದೆ. ಆಗ ನೀವು ಅದನ್ನು ನಿಜವಾಗಿ ಓದುತ್ತೀರಿ.

ಇನ್ನು ಸೊರಗುವ ಮಾತು. ಭರತ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು, ಅಂದರೆ ಕಲೆಯಲ್ಲಿ ನಾವು ಸವಿಯುವ ಭಾವಗಳನ್ನು, ಎಣಿಸುತ್ತಾನೆ. ಅದರಲ್ಲಿ ಅದ್ಭುತವೂ ಒಂದು, ಅದರ ಸ್ಥಾಯಿಭಾವ, ಅಂದರೆ ಮನಸ್ಸಿನಲ್ಲಿ ನೆಲೆಯಾಗಿರುವ ಮೂಲಭಾವ, ವಿಸ್ಮಯ. ಶೋಕ, ಭಯ, ಉತ್ಸಾಹಗಳ ಸಾಲಿನಲ್ಲೇ ವಿಸ್ಮಯವನ್ನೂ ಇಟ್ಟಿದ್ದಾನೆ. ಮನುಷ್ಯ ಅಂದ ಮೇಲೆ ಇವು ಇದ್ದೇ ಇರುತ್ತವೆ, ಎಬ್ಬಿಸುವ ಕಾರಣ ಎದುರಿಗೆ ಬರಬೇಕು ಅಷ್ಟೇ. ಹೃದಯಕ್ಕೆ ಒಪ್ಪಿದ್ದು ಒಣ ಕಟ್ಟಿಗೆಗೆ ಬೆಂಕಿ ಹಬ್ಬಿದಂತೆ ಮೈಯೆಲ್ಲ ವ್ಯಾಪಿಸುತ್ತದೆ ಎಂದು ಅಲ್ಲೇ ಒಂದು ಮಾತಿದೆ. ಹಾಗಾಗಿ ನಿಮ್ಮದು ಹೋಗಿಬಿಟ್ಟಿದೆ ಎಂದು ನಾನು ಒಪ್ಪುವುದಿಲ್ಲ.

ಚುಕ್ಕಿ:

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ನೀಲಿಶಾಯಿ ಅವರೇ, ಡಾರ್ವಿನ್ ಕತೆಯನ್ನು ನೀವು ಅರ್ಧಕ್ಕೆ ನಿಲ್ಲಿಸಿದ್ದೀರಿ.

ಕವಿತೆ ಬೇಡವಾಯಿತು ಎಂದು ಬರೆದ ಆ ಮನುಷ್ಯ ಅದಾದ ಮೇಲೆ ಏನು ಮಾಡುತ್ತಿದ್ದ ಗೊತ್ತಾ? ಎರೆಹುಳುಗಳನ್ನು ಕುಂಡದಲ್ಲಿ ಸಾಕಿ, ರಾತ್ರಿ ಹೊತ್ತು ಅವನ್ನು ನೋಡುತ್ತಾ ಕೂರುತ್ತಿದ್ದ. ಅವಕ್ಕೆ ಕಿವಿ ಕೇಳುತ್ತದಾ ಅಂತ ತಿಳಿಯಲು ಮನೆಯವರಿಂದ ಬಸೂನ್ ಊದಿಸಿದ, ಪಿಯಾನೊ ನುಡಿಸಿದ. ಹುಳುಗಳು ಅಲುಗಲಿಲ್ಲ. ಕುಂಡವನ್ನು ಪಿಯಾನೊ ಮೇಲೇ ಇಟ್ಟು ಒಂದು ಸ್ವರ ನುಡಿಸಿದಾಗ ಸರಕ್ಕನೆ ಬಿಲದೊಳಗೆ ಹೋದವು. ಕಿವಿ ಕೇಳದಿದ್ದರೂ ಕಂಪನ ಗೊತ್ತಾಗುತ್ತದೆ ಎಂದು ತಿಳಿಯಿತು. ಎರೆಹುಳುಗಳ ಬಗ್ಗೆ ಆತನ ಪುಸ್ತಕ ಬಂದದ್ದು 1881ರಲ್ಲಿ, ಮರುವರ್ಷ ತೀರಿಕೊಂಡ. ಇಂಥವನ ಬೆರಗು ಸತ್ತಿತ್ತು ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ. ಕವಿತೆಯನ್ನು ಬಿಟ್ಟು ಹುಳುವಿನ ಹತ್ತಿರ ಹೋಗಿತ್ತು, ಅಷ್ಟೇ ಅಲ್ವಾ? ನಿಮ್ಮದೂ ಎಲ್ಲಿಗೋ ಹೋಗಿರಬಹುದು. ಹಳೆಯ ಜಾಗದಲ್ಲೇ ಹುಡುಕುತ್ತಿದ್ದೀರೇನೋ.

ನಾನು ಆಕಾಶ ನೋಡುವವಳು. ದೂರದರ್ಶಕ ಬೇಕಿಲ್ಲದ ಒಂದು ಸಂಗತಿ ಹೇಳುತ್ತೇನೆ. ಸೂರ್ಯ ಮುಳುಗುವಾಗ ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ನೀವು ಪೂರ್ವಕ್ಕೆ ತಿರುಗಿ. ಆಕಾಶ ಸ್ವಚ್ಛವಾಗಿದ್ದು, ಪೂರ್ವದ ಅಂಚು ಕಾಣುವಂತಿದ್ದರೆ, ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ಅಂಚಿನುದ್ದಕ್ಕೂ ಬೂದುನೀಲಿ ಪಟ್ಟಿಯೊಂದು ಮೇಲೇಳುತ್ತದೆ. ಅದರ ಮೇಲೆ ನಸುಗುಲಾಬಿ ಬಣ್ಣದ ಇನ್ನೊಂದು ಪಟ್ಟಿ. ಆ ಬೂದುನೀಲಿ ಮೋಡ ಅಲ್ಲ, ಹೊಗೆಯೂ ಅಲ್ಲ. ಅದು ಭೂಮಿಯ ನೆರಳು. ನಾವು ನಿಂತಿರುವ ಈ ಭೂಮಿಯ ನೆರಳು ನಮ್ಮದೇ ಗಾಳಿಯ ಮೇಲೆ ಬೀಳುತ್ತಿರುತ್ತದೆ. ಸೂರ್ಯ ಕೆಳಗಿಳಿದಷ್ಟೂ ಅದು ಮೇಲೇರಿ, ಕೊನೆಗೆ ರಾತ್ರಿಯೊಳಗೆ ಬೆರೆತುಹೋಗುತ್ತದೆ.

ಇದು ದಿನಾ ಸಂಜೆ ನಡೆಯುತ್ತದೆ. ತಿಳಿಯುವ ಮುಂಚೆ ನಾನೂ ಎಷ್ಟೋ ಸಲ ಅದೇ ದಿಕ್ಕಿಗೆ ನೋಡಿದ್ದಿರಬೇಕು, ಕಂಡಿರಲಿಲ್ಲ. ಒಮ್ಮೆ ಯಾರೋ ತೋರಿಸಿದ ಮೇಲೆ ಕಾಣದ ಹಾಗೆ ಇರಲು ಆಗುವುದೇ ಇಲ್ಲ. ತಿಳಿದರೆ ಸೊಗಸು ಹೋಗುತ್ತದೆ ಅನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಕುಂಚ:

ಕಾಣುವುದರ ಬಗ್ಗೆ ಚುಕ್ಕಿ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಚಿತ್ರಕಲೆಯ ಇಡೀ ಕಷ್ಟ ಕೈಯಲ್ಲಿಲ್ಲ, ಕಣ್ಣಲ್ಲಿದೆ.

ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆದಿದ್ದರು. 2001ರಲ್ಲಿ ಅದು ಪ್ರಕಟವಾಯಿತು. ಸರಾಸರಿ 27 ಸೆಕೆಂಡು. ಹೆಸರಾಂತ ಚಿತ್ರಗಳ ಮುಂದೆಯೂ ಹೀಗೆ! ಚಿತ್ರ ನಮಗೆ ಏನೂ ಕೊಡಲಿಲ್ಲ ಎಂದು ದೂರುವ ಮುಂಚೆ ನಾವು ಅದಕ್ಕೆ ಎಷ್ಟು ಹೊತ್ತು ಕೊಟ್ಟೆವು ಎಂದು ಕೇಳಿಕೊಳ್ಳಬೇಕು.

ಮೊನೆ ಎಂಬ ಫ್ರೆಂಚ್ ಚಿತ್ರಕಾರ 1890-91ರಲ್ಲಿ ತನ್ನ ಮನೆಯ ಹತ್ತಿರದ ಬಣವೆಗಳನ್ನು ಸುಮಾರು ಇಪ್ಪತ್ತೈದು ಸಲ ಚಿತ್ರಿಸಿದ. ಬೇರೆ ಏನೂ ಇಲ್ಲ, ಅದೇ ಹೊಲ, ಅದೇ ಬಣವೆ. ಒಟ್ಟಿಗೆ ಹಲವು ಕ್ಯಾನ್ವಾಸ್ ಇಟ್ಟುಕೊಂಡು, ಬೆಳಕು ಬದಲಾದಾಗ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದ. ಆ ಚಿತ್ರಗಳಲ್ಲಿ ನೆರಳು ಕಪ್ಪಾಗಿಲ್ಲ. ನೀಲಿ ಇದೆ, ನೇರಳೆ ಇದೆ. ಇದು ಕಲ್ಪನೆ ಅಂದುಕೊಳ್ಳಬೇಡಿ. ಬಿಸಿಲಿನಲ್ಲಿ ಬಿಳಿ ಗೋಡೆಯ ಮೇಲೆ ಬಿದ್ದ ನೆರಳನ್ನು ಒಂದು ನಿಮಿಷ ನೋಡಿ. ಅಲ್ಲಿಗೆ ನೇರ ಬಿಸಿಲು ಬರುವುದಿಲ್ಲ, ನೀಲಿ ಆಕಾಶದ ಬೆಳಕು ಮಾತ್ರ ಬರುತ್ತದೆ. ಹಾಗಾಗಿ ನೆರಳಿಗೂ ನೀಲಿ ಛಾಯೆ ಇರುತ್ತದೆ. ನೆರಳು ಕಪ್ಪು ಎಂದು ಚಿಕ್ಕಂದಿನಲ್ಲಿ ಕಲಿತು, ಆಮೇಲೆ ನಾವು ನೆರಳನ್ನು ನೋಡುವುದನ್ನೇ ಬಿಟ್ಟಿರುತ್ತೇವೆ.

ಅದಕ್ಕೆ ನನ್ನ ಸಲಹೆ: ಒಂದು ಎಲೆಯನ್ನು ಎದುರಿಗೆ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಬರೆಯಿರಿ. ಚೆನ್ನಾಗಿ ಬರಬೇಕು ಅಂತಿಲ್ಲ, ಯಾರಿಗೂ ತೋರಿಸಬೇಡಿ. ಬರೆಯಲು ಹೋದಾಗಲೇ ಗೊತ್ತಾಗುತ್ತದೆ, ನಡುನರದ ಎಡಬಲಕ್ಕೆ ಹೊರಡುವ ಸಣ್ಣ ನರಗಳು ಎದುರುಬದುರಾಗಿವೆಯಾ, ಹಿಂದುಮುಂದಾಗಿವೆಯಾ? ಅಂಚಿಗೆ ಮುಟ್ಟುತ್ತವಾ, ಮೊದಲೇ ತಿರುಗಿ ಒಂದನ್ನೊಂದು ಸೇರುತ್ತವಾ? ಇದಕ್ಕೆಲ್ಲ ಉತ್ತರ ಆ ಎಲೆಯಲ್ಲೇ ಇದೆ. ಕೈ ಕೇಳುವವರೆಗೆ ಕಣ್ಣು ನೋಡಿರುವುದಿಲ್ಲ.

ಇನ್ನೊಂದು ಮಾತು, ಇದು ನನಗೆ ತುಂಬ ಹತ್ತಿರದ್ದು. ಫ್ರಾನ್ಸಿನ ಶೋವೆ ಗುಹೆ 1994ರಲ್ಲಿ ಸಿಕ್ಕಿತು. ಅಲ್ಲಿನ ಚಿತ್ರಗಳಲ್ಲಿ ಹಳೆಯವು ಮೂವತ್ತು ಸಾವಿರ ವರ್ಷಕ್ಕಿಂತ ಹಿಂದಿನವು. ಅದರಲ್ಲಿ ಒಂದು ಕಾಡೆಮ್ಮೆಗೆ ಎಂಟು ಕಾಲುಗಳಿವೆ. ಓಟವನ್ನು ತೋರಿಸಲು ಹಾಗೆ ಬರೆದಿರಬೇಕು ಎನ್ನುತ್ತಾರೆ. ಬೇಟೆ, ಚಳಿ, ಹಸಿವು ಎಲ್ಲ ಇದ್ದ ಕಾಲದಲ್ಲಿ ಒಬ್ಬರು ಕತ್ತಲೆಯ ಗುಹೆಯೊಳಗೆ ದೀಪ ಹಿಡಿದುಕೊಂಡು ಹೋಗಿ, ಓಡುವ ಪ್ರಾಣಿಯ ಓಟವನ್ನು ಗೋಡೆಗೆ ತರುವುದು ಹೇಗೆ ಅಂತ ಯೋಚಿಸಿದ್ದಾರೆ. ಕಲೆ ಅನ್ನುವುದು ಹೊಟ್ಟೆ ತುಂಬಿದ ಮೇಲಿನ ಮಾತು ಅಂತ ಯಾರಾದರೂ ಹೇಳಿದರೆ ನನಗೆ ಆ ಎಂಟು ಕಾಲುಗಳು ನೆನಪಾಗುತ್ತವೆ.

ರಾತ್ರಿಪಾಳಿ:

ಎಲ್ಲವನ್ನೂ ಓದಿದೆ. ಚೆನ್ನಾಗಿ ಬರೆದಿದ್ದೀರಿ. ಆದರೂ ಒಂದು ಮಾತು ಹೇಳದೆ ಇರಲಾಗುತ್ತಿಲ್ಲ.

ನಾನು ರಾತ್ರಿ ಕೆಲಸ ಮಾಡುತ್ತೇನೆ. ಹಗಲು ಹಾಸಿಗೆ ಹಿಡಿದಿರುವ ಅಮ್ಮನನ್ನು ನೋಡಿಕೊಳ್ಳುತ್ತೇನೆ. ಸಂಜೆ ಪೂರ್ವಕ್ಕೆ ತಿರುಗಿ ನಿಲ್ಲುವ ಹೊತ್ತಿಗೆ ನನಗೆ ಅಮ್ಮನ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಕೆಲಸಕ್ಕೆ ಹೊರಡಬೇಕು. ನನಗೆ ಹಿತ ಬಯಸುವವರು ಎಷ್ಟೋ ಜನ ಸಣ್ಣ ಸಣ್ಣದರಲ್ಲಿ ಸೊಗಸು ನೋಡು ಅಂತ ಹೇಳಿದ್ದಾರೆ. ಅದು ಕೇಳಿದಾಗ ಮನಸ್ಸು ಹಗುರವಾಗುವ ಬದಲು ಇನ್ನೊಂದು ಕೆಲಸ ಹೆಗಲೇರಿದ ಹಾಗಾಗುತ್ತದೆ. ನೋಡಲಿಲ್ಲವಾ, ಹಾಗಾದರೆ ತಪ್ಪು ನಿನ್ನದೇ ಅಂತ. ನನ್ನ ದಣಿವು ನನ್ನ ನೋಟದ ದೋಷ ಅಲ್ಲ. ನಿದ್ದೆ ಸಾಲದಿರುವುದು, ಕೈಗೆ ಇನ್ನೊಂದು ಕೈ ಇಲ್ಲದಿರುವುದು.

ಬೆರಗಿಗೆ ಬಿಡುವು ಬೇಕು. ಅದು ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ಇದನ್ನು ಬಿಟ್ಟು ಈ ಮಾತು ಮುಂದುವರಿಯಬಾರದು ಅನಿಸಿತು.

ನೀಲಿಶಾಯಿ:

ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹೇಳಿದ್ದು ಒಳ್ಳೆಯದಾಯಿತು. ಅಮ್ಮನ ವಿಷಯದಲ್ಲಿ ಏನಾದರೂ ವಿಚಾರಿಸುವುದು, ಓಡಾಡುವುದು ಇದ್ದರೆ ದಯವಿಟ್ಟು ಕೇಳಿ.

ಗುಬ್ಬಚ್ಚಿ:

ರಾತ್ರಿಪಾಳಿ ಅವರೇ, ನಾನು ವೃತ್ತಿಯಿಂದ ನರ್ಸ್. ನಿಮ್ಮ ಮಾತಿನ ಒಂದೊಂದು ಅಕ್ಷರವೂ ನನಗೆ ಗೊತ್ತು. ನಿದ್ದೆಗೆಟ್ಟವರಿಗೆ ಮೊದಲು ನಿದ್ದೆ ಬೇಕು. ಕವಿತೆ ಆಮೇಲೆ.

ಒಂದು ವಿಷಯ ಮಾತ್ರ ಹೇಳುತ್ತೇನೆ, ಸಲಹೆ ಅಂತ ತೆಗೆದುಕೊಳ್ಳಬೇಡಿ. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕ ಒಂದು ಅಧ್ಯಯನ ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ಜನ ರೋಗಿಗಳ ದಾಖಲೆ. ಅರ್ಧ ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಸ್ವಲ್ಪ ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತು. ಸಣ್ಣ ಅಧ್ಯಯನ, ಎಲ್ಲವನ್ನೂ ಅದರ ಮೇಲೆ ಹೊರಿಸಲು ಆಗದು. ಆದರೆ ಅದರಲ್ಲಿ ನನಗೆ ಹಿಡಿಸಿದ್ದು ಇದು: ಆ ರೋಗಿಗಳಿಗೆ ಯಾರೂ ಮರ ನೋಡಿ ಅಂತ ಹೇಳಿರಲಿಲ್ಲ. ಅವರೇನೂ ಪ್ರಯತ್ನ ಪಡಲಿಲ್ಲ. ಮರ ಅಲ್ಲಿ ಇತ್ತು, ಅಷ್ಟೇ. ಹಾಗಾಗಿ ಇದು ರೋಗಿಯ ಜವಾಬ್ದಾರಿ ಅಲ್ಲವೇ ಅಲ್ಲ. ಕಿಟಕಿ ಎಲ್ಲಿಡಬೇಕು, ಮರ ಎಲ್ಲಿ ನೆಡಬೇಕು ಅಂತ ತೀರ್ಮಾನ ಮಾಡುವವರ ಜವಾಬ್ದಾರಿ. ಆಸ್ಪತ್ರೆ, ಶಾಲೆ, ಕಾರ್ಖಾನೆ ಕಟ್ಟುವವರು ಇದನ್ನು ಸೌಕರ್ಯಗಳ ಪಟ್ಟಿಯ ಕೊನೆಯಲ್ಲಿ ಹಾಕುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ನಿಮ್ಮ ಅಮ್ಮನ ಮಂಚವನ್ನು ಕಿಟಕಿಯ ಕಡೆಗೆ ತಿರುಗಿಸಲು ಆಗುತ್ತದಾ? ಆದರೆ ಒಮ್ಮೆ ತಿರುಗಿಸಿ ನೋಡಿ. ಒಂದೇ ಸಲದ ಕೆಲಸ, ಆಮೇಲೆ ನೀವು ಅದರ ಬಗ್ಗೆ ಯೋಚಿಸಬೇಕಾಗಿಲ್ಲ.

ಪ್ರಶ್ನೆಚಿಹ್ನೆ:

ತಡವಾಗಿ ಸೇರಿಕೊಳ್ಳುತ್ತಿದ್ದೇನೆ. ಇಲ್ಲಿ ಎಲ್ಲರೂ ಬೆರಗಿನಿಂದ ಅರ್ಥಕ್ಕೆ ಬಹಳ ಬೇಗ ಜಿಗಿಯುತ್ತಿದ್ದೀರಿ ಅನಿಸುತ್ತದೆ.

ಡಾರ್ವಿನ್ ಹೆಸರು ಬಂದಿದೆಯಲ್ಲ, ಅವನದೇ ಇನ್ನೊಂದು ಮಾತು ಕೇಳಿ. 1860ರಲ್ಲಿ ಏಸಾ ಗ್ರೇ ಎಂಬ ಸಸ್ಯವಿಜ್ಞಾನಿಗೆ ಬರೆದ ಪತ್ರದಲ್ಲಿ ಒಂದು ಜಾತಿಯ ಕಣಜದ ಹುಳುವಿನ ವಿಷಯ ಬರುತ್ತದೆ. ಅದು ಜೀವಂತ ಕಂಬಳಿಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಒಳಗಿನಿಂದ ತಿನ್ನುತ್ತಾ ಬೆಳೆಯುತ್ತವೆ. ಕರುಣೆಯುಳ್ಳ ದೇವರು ಇದನ್ನು ಬೇಕೆಂದೇ ಸೃಷ್ಟಿ ಮಾಡಿದ ಎಂದು ನಂಬಲು ತನ್ನಿಂದಾಗದು ಎಂದು ಆತ ಬರೆದ. ಪ್ರಕೃತಿ ಅಂದರೆ ಇದೂ ಹೌದು ತಾನೇ? ಇದರಿಂದ ಯಾವ ಅರ್ಥ ತೆಗೆಯುತ್ತೀರಿ?

ಇನ್ನು ಆಕಾಶ. ಬರಿಗಣ್ಣಿಗೆ ಮಸುಕಾಗಿ ಕಾಣುವ ಆಂಡ್ರೊಮಿಡಾ ಗೆಲಾಕ್ಸಿಯ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷವಾಗಿದೆ. ಅದು ಹೊರಟಾಗ ನಮ್ಮಂಥ ಮನುಷ್ಯರೇ ಇರಲಿಲ್ಲ. ಇದನ್ನು ಯೋಚಿಸಿದಾಗ ನನಗೆ ಬೆರಗಾಗುತ್ತದೆ, ನಿಜ. ಜೊತೆಗೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತಲೂ ಅನಿಸುತ್ತದೆ. ಬೆರಗು ನನ್ನನ್ನು ಪೂರ್ತಿ ಖಾಲಿ ಮಾಡಿಬಿಡುತ್ತದೆ. ಯಾರಿಗೂ ಹೀಗಾಗುವುದಿಲ್ಲವಾ?

ಹಳೆಮೇಷ್ಟ್ರು:

ಆಗುತ್ತದೆ. ನನಗೂ ಆಗಿದೆ. ಮರೆಮಾಚದೆ ಕೇಳಿದ್ದೀರಿ, ಅದಕ್ಕೆ ನಿಧಾನವಾಗಿ ಉತ್ತರಿಸುತ್ತೇನೆ.

ಪ್ರಕೃತಿ ನಮಗೆ ಪಾಠ ಹೇಳಲು ಇರುವುದಲ್ಲ. ಕಣಜದ ಹುಳುವಿಗೆ ನೀತಿ ಇಲ್ಲ, ಗುಲಾಬಿಗೂ ಇಲ್ಲ. ಹೂವಿನಿಂದ ಸಂತೋಷ ಕಲಿಯಿರಿ, ನದಿಯಿಂದ ತಾಳ್ಮೆ ಕಲಿಯಿರಿ ಎನ್ನುವ ಮಾತು ನನಗೆ ಯಾವತ್ತೂ ರುಚಿಸಿಲ್ಲ. ಹೂವನ್ನು ನೋಡದೆಯೇ ಅದನ್ನು ಬಳಸಿಕೊಂಡ ಹಾಗೆ ಅದು.

ಆದರೆ ಕವಿತೆ ಮನುಷ್ಯರು ಮಾಡಿದ್ದು. ಅಲ್ಲಿ ವಿಷಯ ಬೇರೆ. ನಮ್ಮ ಕಾವ್ಯಮೀಮಾಂಸಕರು ಒಂದು ಕಷ್ಟದ ಪ್ರಶ್ನೆ ಎತ್ತಿಕೊಂಡಿದ್ದರು. ಶೋಕ ದುಃಖ ಕೊಡುತ್ತದೆ. ಹಾಗಿದ್ದರೆ ಕರುಣರಸದ ನಾಟಕಕ್ಕೆ, ಕಾವ್ಯಕ್ಕೆ ಜನ ಮತ್ತೆ ಮತ್ತೆ ಯಾಕೆ ಬರುತ್ತಾರೆ? ಅತ್ತುಕೊಂಡೇ ಯಾಕೆ ತೃಪ್ತಿಪಡುತ್ತಾರೆ? ಅವರು ಕೊಟ್ಟ ಉತ್ತರ ಸಾಧಾರಣೀಕರಣ. ಕಾವ್ಯದೊಳಗಿನ ಶೋಕ ಆ ಪಾತ್ರದ್ದೂ ಅಲ್ಲ, ಬರಿ ನಿಮ್ಮದೂ ಅಲ್ಲ. ನಿಮ್ಮ ಸ್ವಂತ ದುಃಖದಲ್ಲಿ ನೀವು ಒಬ್ಬರೇ ಇರುತ್ತೀರಿ. ಕಾವ್ಯದ ದುಃಖದಲ್ಲಿ ಒಬ್ಬರೇ ಇರುವುದಿಲ್ಲ. ಯಾರೋ ನೂರಾರು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು, ಇದಕ್ಕೆ ಸರಿಯಾದ ಮಾತು ಹುಡುಕಿ ಇಟ್ಟು ಹೋಗಿದ್ದಾರೆ.

25 ಲಕ್ಷ ವರ್ಷದ ಬೆಳಕು ನಿಮ್ಮನ್ನು ಖಾಲಿ ಮಾಡುತ್ತದೆ ಅಂದಿರಿ. ಆ ಖಾಲಿತನವನ್ನು ನೀವು ಎಷ್ಟು ಚೆನ್ನಾಗಿ ಹೇಳಿದಿರಿ ಅಂದರೆ ನನಗೆ ಅದು ನನ್ನದೇ ಅನಿಸಿತು. ಆಕಾಶ ಇದನ್ನು ಮಾಡಲಾರದು. ನೀವು ಮಾಡಿದಿರಿ. ಅರ್ಥ ಅನ್ನುವುದಿದ್ದರೆ ಅದು ಇಂಥಾ ಕಡೆ ಇದೆ ಎಂದು ನಾನು ನಂಬಿದ್ದೇನೆ, ನಕ್ಷತ್ರಗಳಲ್ಲಿ ಅಲ್ಲ.

ಚುಕ್ಕಿ:

ಮೇಷ್ಟ್ರೇ, ಕೊನೆಯ ಮಾತಿಗೆ ನನ್ನದೊಂದು ತಕರಾರು ಇದೆ. ಬೆರಗು ಬರಿ ಅನಿಸಿಕೆಯಾಗಿ ಉಳಿದರೆ ಮನುಷ್ಯ ಖಾಲಿಯಾಗಬಹುದು. ಅದು ಕೆಲಸಕ್ಕೆ ಹಚ್ಚಿದರೆ ಕತೆ ಬೇರೆ.

1921ರಲ್ಲಿ ಸಿ. ವಿ. ರಾಮನ್ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ನೀಲಿ ಅವರ ಕಣ್ಣು ಸೆಳೆಯಿತು. ಸಮುದ್ರದ ನೀಲಿ ಅಂದರೆ ಆಕಾಶದ ಪ್ರತಿಬಿಂಬ ಎಂದು ರ‍್ಯಾಲೆಯಂಥ ದೊಡ್ಡ ವಿಜ್ಞಾನಿ ಹೇಳಿಟ್ಟಿದ್ದರು. ಬೇರೆಯವರಾಗಿದ್ದರೆ ಅಷ್ಟಕ್ಕೆ ಬಿಡುತ್ತಿದ್ದರೇನೋ. ರಾಮನ್ ಹತ್ತಿರ ಒಂದು ನಿಕೋಲ್ ಪಟ್ಟಕವಿತ್ತು. ಅದರ ಮೂಲಕ ನೋಡಿ, ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು! ಅಂದರೆ ಬಣ್ಣ ನೀರಿನೊಳಗಿನಿಂದಲೇ ಬರುತ್ತಿದೆ. ಅಲ್ಲಿಂದ ಶುರುವಾದ ಬೆಳಕಿನ ಚದುರುವಿಕೆಯ ಕೆಲಸ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮಕ್ಕೆ ಬಂದು ಮುಟ್ಟಿತು. 1930ರಲ್ಲಿ ನೊಬೆಲ್ ಬಂತು. ನೊಬೆಲ್ ಮಾತು ಬಿಡಿ. ಎಲ್ಲರೂ ನೋಡಿದ ಸಮುದ್ರವನ್ನು ಒಬ್ಬರು ಏಳು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡರಲ್ಲ, ನನಗೆ ಅದು ದೊಡ್ಡದು.

ನವಿಲುಗರಿಯ ನೀಲಿಯೂ ಹೀಗೇ. ಅದರಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಇರುವುದು ನಮ್ಮ ಕೂದಲಲ್ಲಿರುವ ಮೆಲನಿನ್. ಅದರ ಅತಿ ಸಣ್ಣ ಕಡ್ಡಿಗಳು ಒಪ್ಪವಾಗಿ ಜೋಡಿಸಿಕೊಂಡಿರುವ ರೀತಿಯಿಂದ ಬೆಳಕು ಹಾಗೆ ಕಾಣುತ್ತದೆ. ಗರಿಯನ್ನು ಕುಟ್ಟಿ ಪುಡಿ ಮಾಡಿದರೆ ನೀಲಿ ಹೋಗಿ ಕಂದು ಪುಡಿ ಉಳಿಯುತ್ತದೆ.

ಪ್ರಶ್ನೆಚಿಹ್ನೆ ಅವರೇ, ಖಾಲಿ ಅನಿಸಿದಾಗ ದೂರದ್ದನ್ನು ಬಿಟ್ಟು ಹತ್ತಿರದ ಒಂದು ಪ್ರಶ್ನೆ ಹಿಡಿದುಕೊಳ್ಳಿ ಅಂತ ನನ್ನ ಆಸೆ. ನನಗೆ ಹಾಗೆ ಮಾಡಿದ್ದರಿಂದ ಸಹಾಯವಾಗಿದೆ.

ಪ್ರಶ್ನೆಚಿಹ್ನೆ:

ಮೇಷ್ಟ್ರ ಮಾತು ಇನ್ನೂ ಯೋಚಿಸುತ್ತಿದ್ದೇನೆ. ಪೂರ್ತಿ ಒಪ್ಪಿದೆ ಅಂತ ಹೇಳಲಾರೆ. ಸಮುದ್ರದ ಸಂಗತಿ ಗೊತ್ತಿರಲಿಲ್ಲ, ಧನ್ಯವಾದ.

ಕುಂಚ:

ಯಾರೂ ಮೊಬೈಲ್ ವಿಷಯ ಎತ್ತಿಲ್ಲ. ನನ್ನ ಅನಿಸಿಕೆ ಖಡಾಖಂಡಿತ. ಕ್ಯಾಮೆರಾ ತೆಗೆದ ಕೂಡಲೇ ನೋಡುವುದು ನಿಲ್ಲುತ್ತದೆ. ಚಂದ್ರ ಹುಟ್ಟುವಾಗ ನೂರು ಫೋನು ಮೇಲೇಳುತ್ತವೆ, ಕಣ್ಣುಗಳು ತೆರೆಯನ್ನು ನೋಡುತ್ತಿರುತ್ತವೆ. ಹೊರಗೆ ಹೋದಾಗ ಫೋನ್ ಚೀಲದಲ್ಲೇ ಇರಲಿ.

ಗುಬ್ಬಚ್ಚಿ:

ಕುಂಚ ಅವರೇ, ಇದನ್ನು ನಾನು ಒಪ್ಪುವುದಿಲ್ಲ. ವಿಲ್ಸನ್ ಬೆಂಟ್ಲಿ ಎಂಬ ಅಮೆರಿಕದ ರೈತ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ 1885ರಲ್ಲಿ ಮೊದಲ ಬಾರಿಗೆ ಹಿಮದ ಹರಳಿನ ಫೋಟೊ ತೆಗೆದ. ಬದುಕಿಡೀ ಐದು ಸಾವಿರಕ್ಕೂ ಜಾಸ್ತಿ ತೆಗೆದ. ಮುಟ್ಟಿದರೆ ಕರಗುವ ವಸ್ತು, ಉಸಿರು ತಾಗಿದರೂ ಹೋಯಿತು. ಕ್ಯಾಮೆರಾ ಇಲ್ಲದಿದ್ದರೆ ಆ ಆರು ಮೂಲೆಯ ಹೆಣಿಗೆ ಅಷ್ಟು ಜನರಿಗೆ ಕಾಣುತ್ತಿರಲಿಲ್ಲ. ಅವನ ಕ್ಯಾಮೆರಾ ಅವನ ನೋಟವನ್ನು ಕೊಂದಿತು ಅನ್ನುತ್ತೀರಾ?

ನನ್ನ ಫೋನಿನಲ್ಲಿ ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಎಂಬ ಆ್ಯಪ್ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯದವರು ಮಾಡಿದ್ದು. ಅದು ಬರುವ ಮುಂಚೆ ನನಗೆ ಬೆಳಗಿನ ಸದ್ದು ಬರಿ ಚಿಲಿಪಿಲಿ. ಈಗ ಅದರೊಳಗೆ ಇಂಥಾ ಹಕ್ಕಿ, ಇಂಥಾ ಹಕ್ಕಿ ಅಂತ ಬಿಡಿಬಿಡಿಯಾಗಿ ಕೇಳುತ್ತದೆ. ಆ್ಯಪ್ ಕೆಲವು ಸಲ ತಪ್ಪೂ ಹೇಳುತ್ತದೆ, ಆಗ ನಾನೇ ಹುಡುಕಬೇಕು. ಒಂದು ಹೆಸರು ತಿಳಿದರೆ ಅದರ ಹಿಂದೆ ಹೋಗುವ ಆಸೆ ಹುಟ್ಟುತ್ತದೆ. ಹಾಗೆ ಹೋಗಿ ತಿಳಿದದ್ದು: ಗಾಡ್ವಿಟ್ ಜಾತಿಯ ಕಡಲತೀರದ ಹಕ್ಕಿಯೊಂದು 2022ರಲ್ಲಿ ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ಹಾರಿತು. ಹನ್ನೊಂದು ದಿನ, ಎಲ್ಲೂ ಇಳಿಯದೆ, ತಿನ್ನದೆ, ಕುಡಿಯದೆ. ಅದಕ್ಕೆ ಐದು ತಿಂಗಳ ಪ್ರಾಯ. ಹಿಂದೆಂದೂ ಆ ದಾರಿ ಕಂಡಿದ್ದಲ್ಲ. ಹೊರಡುವ ಮುಂಚೆ ಈ ಹಕ್ಕಿಗಳ ಜಠರ, ಕರುಳು ಕುಗ್ಗಿಕೊಳ್ಳುತ್ತವೆ, ಭಾರ ಕಡಿಮೆ ಆಗಲಿ ಅಂತ. ಆ ಹಾರಾಟ ಗೊತ್ತಾದದ್ದು ಹಕ್ಕಿಯ ಬೆನ್ನಿಗೆ ಕಟ್ಟಿದ ಪುಟ್ಟ ಉಪಕರಣದಿಂದ, ಉಪಗ್ರಹದಿಂದ. ಯಂತ್ರವನ್ನು ದೂರುವುದು ಬೇಡ. ಅದನ್ನು ಯಾವುದಕ್ಕೆ ತಿರುಗಿಸುತ್ತೇವೆ ಅನ್ನುವುದು ನೋಡಬೇಕು.

ಕುಂಚ:

ಬೆಂಟ್ಲಿಯ ಮಾತು ಸರಿ. ಆದರೆ ಅವನು ಒಂದು ಹರಳಿಗೆ ಕಾದು ಕೂತವನು. ನಾನು ಹೇಳಿದ್ದು ಕಾಯದೆ ಕ್ಲಿಕ್ ಮಾಡಿ ಮುಂದೆ ಹೋಗುವವರ ಬಗ್ಗೆ. ಅದರಲ್ಲಿ ನನ್ನ ಮಾತು ಬದಲಿಲ್ಲ.

ರಾತ್ರಿಪಾಳಿ:

ಇಲ್ಲಿಗೆ ಮತ್ತೆ ಬರಲು ತಡವಾಯಿತು.

ಮಂಚ ತಿರುಗಿಸಿದೆವು. ಪಕ್ಕದ ಮನೆಯವರು ಕೈಜೋಡಿಸಿದರು. ಕಿಟಕಿಯಿಂದ ದೊಡ್ಡದೇನೂ ಕಾಣುವುದಿಲ್ಲ. ಒಂದು ಗೋಡೆ, ಅದರ ಮೇಲೆ ಒಂದು ಕೊಂಬೆ, ಸ್ವಲ್ಪ ಆಕಾಶ. ಅಮ್ಮನಿಗೆ ಮಾತು ಸರಿಯಾಗಿ ಬರುವುದಿಲ್ಲ. ಆದರೆ ಕೊಂಬೆಗೆ ಅಳಿಲು ಬಂದರೆ ಕೈ ಎತ್ತಿ ತೋರಿಸುತ್ತಾರೆ. ನಾನು ಕೆಲಸ ಬಿಟ್ಟು ನೋಡುವವರೆಗೂ ಕೈ ಇಳಿಸುವುದಿಲ್ಲ. ಹೀಗಾಗಿ ನಾನೂ ದಿನಕ್ಕೆ ಕೆಲವು ಸಲ ಅಳಿಲು ನೋಡುತ್ತೇನೆ.

ನನ್ನ ಮೊದಲಿನ ಮಾತನ್ನು ಹಿಂತೆಗೆದುಕೊಳ್ಳುತ್ತಿಲ್ಲ. ದಣಿವು ಹಾಗೇ ಇದೆ. ಆದರೆ ಮೇಷ್ಟ್ರು ಹೇಳಿದ ಗಟ್ಟಿಯಾಗಿ ಓದುವ ವಿಷಯ ಅಮ್ಮನ ಜೊತೆ ಮಾಡಿದೆ. ಅಮ್ಮ ಶಾಲೆಯಲ್ಲಿ ಕಲಿತ ಹಳೆಯ ಪದ್ಯ ಒಂದು. ನಾನು ಸಾಲಿನ ಮೊದಲರ್ಧ ಹೇಳಿದರೆ ಉಳಿದರ್ಧ ಅವರ ಬಾಯಿಂದ ಬರುತ್ತದೆ. ನೀರು ಬೇಕು ಅನ್ನಲು ಮಾತು ತಡೆಯುತ್ತದೆ, ಪದ್ಯಕ್ಕೆ ತಡೆಯುವುದಿಲ್ಲ. ಇದು ಹೇಗೆ ಸಾಧ್ಯ ಅಂತ ಗುಬ್ಬಚ್ಚಿ ಅವರು ಹೇಳಬಲ್ಲರಾ?

ಗುಬ್ಬಚ್ಚಿ:

ಓದಿ ತುಂಬ ಖುಷಿಯಾಯಿತು. ಪಾರ್ಶ್ವವಾಯು ಆದವರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಹೊಸ ವಾಕ್ಯ ಕಟ್ಟಲು ಆಗದವರು ಬಾಯಿಪಾಠವಾದ ಪದ್ಯ, ಹಾಡು, ಪ್ರಾರ್ಥನೆ, ವಾರಗಳ ಹೆಸರು ಇವನ್ನು ಸರಾಗವಾಗಿ ಹೇಳುತ್ತಾರೆ. ಮಾತು ಕಟ್ಟುವ ದಾರಿ, ರೂಢಿಯಾದದ್ದನ್ನು ಹೇಳುವ ದಾರಿ ಮಿದುಳಿನಲ್ಲಿ ಪೂರ್ತಿ ಒಂದೇ ಅಲ್ಲ. ರಾಗವನ್ನು ಬಳಸಿ ಮಾತು ಕಲಿಸುವ ಚಿಕಿತ್ಸೆಯೂ ಇದೆ, 1970ರ ದಶಕದಿಂದ ನಡೆಯುತ್ತಿದೆ. ನಿಮ್ಮ ವೈದ್ಯರ ಹತ್ತಿರ ವಾಕ್ ಚಿಕಿತ್ಸಕರ ಬಗ್ಗೆ ಖಂಡಿತ ಕೇಳಿ. ಪದ್ಯ ಹೇಳಿಸುವುದನ್ನು ಬಿಡಬೇಡಿ.

ಹಳೆಮೇಷ್ಟ್ರು:

ನಾನು ವರ್ಷಗಟ್ಟಲೆ ಮಕ್ಕಳಿಂದ ಪದ್ಯ ಬಾಯಿಪಾಠ ಮಾಡಿಸಿದ್ದೇನೆ. ಅದು ಹೀಗೂ ಕೆಲಸಕ್ಕೆ ಬರುತ್ತದೆ ಅಂತ ಇವತ್ತು ತಿಳಿಯಿತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನೀಲಿಶಾಯಿ:

ನಾನೂ ಒಂದು ಎಲೆ ಬರೆದೆ, ಯಾರಿಗೂ ತೋರಿಸುವುದಿಲ್ಲ. ನರಗಳು ಅಂಚಿಗೆ ಮುಟ್ಟುವುದಿಲ್ಲ, ಬಾಗಿ ಮುಂದಿನದನ್ನು ಸೇರುತ್ತವೆ. ಪೂರ್ವಕ್ಕೆ ತಿರುಗಿ ನಿಂತದ್ದೂ ಆಯಿತು, ಮೋಡ ಇದ್ದುದರಿಂದ ಏನೂ ಕಾಣಲಿಲ್ಲ. ಚುಕ್ಕಿ ಅವರೇ, ಕೆಲಸದಿಂದ ಬರುವಾಗ ದಾರಿಯಲ್ಲೇ ನೋಡಬಹುದಾದ್ದು ಬೇರೆ ಏನಾದರೂ ಇದೆಯಾ?

ಚುಕ್ಕಿ:

ಇದೆ. ಅಮಾವಾಸ್ಯೆ ಕಳೆದು ಬಿದಿಗೆ, ತದಿಗೆ, ಚೌತಿಯ ಸಂಜೆಗಳಲ್ಲಿ ಪಶ್ಚಿಮಕ್ಕೆ ನೋಡಿ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾಗಿರಲಿ, ಸ್ವಲ್ಪ ಕತ್ತಲಾಗಿದ್ದರೆ ಒಳ್ಳೆಯದು. ಚಂದ್ರನ ತೆಳು ಗೆರೆ ಎಲ್ಲರಿಗೂ ಕಾಣುತ್ತದೆ. ನೀವು ಗೆರೆಯನ್ನು ಬಿಟ್ಟು ಉಳಿದ ಭಾಗ ನೋಡಿ. ಪೂರ್ತಿ ಕಪ್ಪಾಗಿರುವುದಿಲ್ಲ. ಮಸುಕು ಬೂದುಬಣ್ಣದಲ್ಲಿ ಇಡೀ ಚಂದ್ರ ಕಾಣುತ್ತಾನೆ.

ಆ ಬೆಳಕು ನಮ್ಮ ಭೂಮಿಯದು. ಸೂರ್ಯನಿಂದ ಹೊರಟು, ಭೂಮಿಯ ಮೋಡ, ನೆಲ, ನೀರಿಗೆ ತಾಗಿ, ಚಂದ್ರನವರೆಗೆ ಹೋಗಿ, ಅಲ್ಲಿಂದ ಮತ್ತೆ ನಿಮ್ಮ ಕಣ್ಣಿಗೆ ಬರುತ್ತದೆ. ಇದಕ್ಕೆ ಕಾರಣ ಬರೆದಿಟ್ಟವರಲ್ಲಿ 16ನೇ ಶತಮಾನದ ಆರಂಭದ ಲಿಯೊನಾರ್ಡೊ ಡ ವಿಂಚಿಯೂ ಒಬ್ಬ. ಕುಂಚ ಅವರಿಗೆ ಇದು ಇಷ್ಟವಾಗಬಹುದು, ಚಿತ್ರಕಾರನ ಕಣ್ಣೇ ಅಲ್ವಾ ಅದು. ಭೂಮಿಯ ಬೆಳಕು ಹೆಚ್ಚಾಗಿ ಸಮುದ್ರಗಳಿಂದ ಬರುತ್ತದೆ ಎಂದು ಆತ ಅಂದುಕೊಂಡಿದ್ದ, ನಿಜದಲ್ಲಿ ಮೋಡಗಳ ಪಾಲು ಜಾಸ್ತಿ.

ಬೀದಿದೀಪ ನೇರ ಕಣ್ಣಿಗೆ ಹೊಡೆಯದ ಜಾಗ ಆರಿಸಿಕೊಳ್ಳಿ. ಗೆರೆ ತುಂಬ ಹೊಳೆಯುತ್ತಿದ್ದರೆ ಅದನ್ನು ಒಂದು ಕಂಬದ ಅಂಚಿಗೆ ಮರೆ ಮಾಡಿ ನೋಡಿ, ಉಳಿದ ಭಾಗ ಚೆನ್ನಾಗಿ ಕಾಣುತ್ತದೆ. ಅಷ್ಟಮಿಯ ಹೊತ್ತಿಗೆ ಇದು ಹೆಚ್ಚುಕಡಿಮೆ ಮಾಯವಾಗುತ್ತದೆ. ಈ ತಿಂಗಳು ಮೋಡ ಅಡ್ಡ ಬಂದರೆ ಮುಂದಿನ ಬಿದಿಗೆಗೆ ನೋಡಿ. ಬೆಳಗ್ಗೆ ಬೇಗ ಏಳುವವರಾದರೆ ಅಮಾವಾಸ್ಯೆಗೆ ಎರಡು ಮೂರು ದಿನ ಮುಂಚೆ ಪೂರ್ವದಲ್ಲೂ ಇದೇ ಕಾಣುತ್ತದೆ.